ಮೂವತ್ತು ಪುಟ, ಮೂವತ್ತು ವರ್ಷ

ಮಾಜಿ ಮಂತ್ರಿಯೋ ಮುಖ್ಯಮಂತ್ರಿಯೋ ಆತ್ಮಕಥೆ ಬರೆದರು ಅಂದರೆ ಟಿವಿ ಚಾನೆಲ್‌ಗಳಿಗೆ ಒಂದು ವಾರ ಹಬ್ಬ. ಪುಸ್ತಕ ಯಾರೂ ಓದಿರುವುದಿಲ್ಲ. ಎರಡು ಪ್ಯಾರಾ ಮಾತ್ರ ಮೊದಲೇ ಹೊರಗೆ ಬಂದಿರುತ್ತದೆ, ಜಗಳವೆಲ್ಲ ಅದರ ಮೇಲೆ. ಮನೆ ವಿಷಯ ಯಾಕೆ ಬರೆದರು ಅಂತ ಒಬ್ಬರು. ಕುರ್ಚಿಯಲ್ಲಿದ್ದಾಗ ಇದನ್ನೆಲ್ಲ ಯಾಕೆ ಹೇಳಲಿಲ್ಲ ಅಂತ ಇನ್ನೊಬ್ಬರು. ಖಾಸಗಿ ಯಾವುದು, ಸಾರ್ವಜನಿಕ ಯಾವುದು ಎಂಬ ಈ ಗೋಜಲಿಗೆ ವಯಸ್ಸು ಜಾಸ್ತಿಯೇ ಆಗಿದೆ.

ನೆಹರು ಜೈಲಿನಲ್ಲಿ ಕೂತು ಬರೆದ ಆತ್ಮಕಥೆ 1936ರಲ್ಲಿ ಬಂತು. ಆಗ ಅವರ ಕೈಯಲ್ಲಿ ಸರ್ಕಾರ ಇರಲಿಲ್ಲ, ಕಾಯಬೇಕಾದ ಸರ್ಕಾರಿ ಗುಟ್ಟೂ ಇರಲಿಲ್ಲ. ಸ್ವಾತಂತ್ರ್ಯದ ನಂತರ ಬರೆಯುವವರ ಪಾಡೇ ಬೇರೆ. ಸಂವಿಧಾನದ 3ನೇ ಅನುಸೂಚಿಯಂತೆ ಮಂತ್ರಿಯಾಗುವವರು ಅಧಿಕಾರದ ಜೊತೆ ಗೋಪ್ಯತೆಯ ಪ್ರಮಾಣವನ್ನೂ ತೆಗೆದುಕೊಳ್ಳುತ್ತಾರೆ. ಅದಕ್ಕೆ ಇಷ್ಟು ವರ್ಷ ಅಂತ ಗಡುವಿಲ್ಲ. ಪಕ್ಕದಲ್ಲೇ 1923ರ ಅಧಿಕೃತ ರಹಸ್ಯಗಳ ಕಾಯ್ದೆಯೂ ಕೂತಿದೆ.

ಈ ಗೋಜಲು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಮೌಲಾನಾ ಅಬುಲ್ ಕಲಾಂ ಆಜಾದರ ಆತ್ಮಕಥೆ 'ಇಂಡಿಯಾ ವಿನ್ಸ್ ಫ್ರೀಡಂ'ನಲ್ಲಿ. ಸ್ವತಂತ್ರ ಭಾರತದ ಮೊದಲ ಶಿಕ್ಷಣ ಮಂತ್ರಿಗೆ ತಮ್ಮ ಬಗ್ಗೆ ಹೇಳಿಕೊಳ್ಳುವುದೆಂದರೆ ಮುಜುಗರ. ಅವರ ಇಲಾಖೆಯಲ್ಲಿದ್ದ ಲೇಖಕ ಹುಮಾಯೂನ್ ಕಬೀರ್ ಪಟ್ಟು ಹಿಡಿದು ಒಪ್ಪಿಸಿದರು. ಸುಮಾರು ಎರಡು ವರ್ಷ, ಸಂಜೆ ಹೊತ್ತು ಒಂದು ತಾಸು ಮಾತು. ಆಜಾದ್ ಉರ್ದುವಿನಲ್ಲಿ ಹೇಳುವುದು, ಕಬೀರ್ ಟಿಪ್ಪಣಿ ಮಾಡಿಕೊಂಡು ಇಂಗ್ಲಿಷಿನಲ್ಲಿ ಬರೆದು ತರುವುದು, ಆಜಾದ್ ತಿದ್ದುವುದು. ಎಲ್ಲ ಮುಗಿದ ಮೇಲೆ ಸುಮಾರು 30 ಪುಟ ಈಗ ಬೇಡ ಎಂದುಬಿಟ್ಟರು. ಅವು ವೈಯಕ್ತಿಕ ವಿಷಯ ಎಂಬುದು ಕೊಟ್ಟ ಕಾರಣ.

1958ರ ಫೆಬ್ರವರಿ 22ರಂದು ಆಜಾದ್ ತೀರಿಕೊಂಡರು. ಪುಸ್ತಕ ಮರುವರ್ಷ ಬಂತು. ಆ 30 ಪುಟಗಳ ಪ್ರತಿಗಳನ್ನು ಮೊಹರು ಮಾಡಿ ಕಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಒಂದು, ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಒಂದು ಇಟ್ಟರು. 30 ವರ್ಷ ಯಾರೂ ಮುಟ್ಟುವಂತಿಲ್ಲ.

ಅವಧಿ ಮುಗಿದ ಮೇಲೂ ಕೋರ್ಟು ಮೆಟ್ಟಿಲು ಹತ್ತಬೇಕಾಯಿತು. ಕೊನೆಗೆ 1988ರಲ್ಲಿ ಪೂರ್ತಿ ಪುಸ್ತಕ ಬಂದಾಗ ಹೊಸ ಸಾಲುಗಳ ಹಿಂದೆ ಮುಂದೆ ನಕ್ಷತ್ರದ ಗುರುತು. ಬಾಂಬ್ ಸಿಡಿಯುತ್ತೆ ಅಂತ ಕಾದಿದ್ದವರು ಪುಟ ತಿರುವಿ, ಇಷ್ಟೇನಾ ಅಂದರು. ಮನೆ ಮಠದ ಸುದ್ದಿ ಹುಡುಕಿದವರಿಗೂ ನಿರಾಸೆ. ಅಲ್ಲಿದ್ದದ್ದು ಬಹುಪಾಲು ಜೊತೆಯಲ್ಲಿ ಕೆಲಸ ಮಾಡಿದವರ ಬಗ್ಗೆ ನೇರ ಮಾತು: ನೆಹರು ಬಗ್ಗೆ, ನೆಹರು ಆಪ್ತ ಕೃಷ್ಣ ಮೆನನ್ ಬಗ್ಗೆ. ದೇಶದ ಆಡಳಿತ ಯಾರ ಮಾತು ಕೇಳಿ ನಡೆಯಿತು ಅನ್ನುವುದು ವೈಯಕ್ತಿಕ ಹೇಗಾಗುತ್ತದೋ! ನನ್ನ ಮಟ್ಟಿಗೆ ಅಷ್ಟು ಸಾರ್ವಜನಿಕ ವಿಷಯ ಇನ್ನೊಂದಿಲ್ಲ.

ವಿಚಿತ್ರ ಅಂದರೆ, ಅವರ ನಿಜವಾದ ಖಾಸಗಿ ಬದುಕು 1946ರಲ್ಲೇ ಅಚ್ಚಾಗಿತ್ತು. ಅಹಮದ್‌ನಗರ ಕೋಟೆಯ ಸೆರೆಯಲ್ಲಿದ್ದಾಗ ಗೆಳೆಯರೊಬ್ಬರಿಗೆ ಬರೆದು ಕಳಿಸಲಾಗದೇ ಉಳಿದ ಉರ್ದು ಪತ್ರಗಳು ಅವು. ಬೆಳಗಿನ ಜಾವ ತಾವೇ ಮಾಡಿಕೊಳ್ಳುವ ಹಾಲಿಲ್ಲದ ಚೀನಾ ಚಹಾ, ಕೋಣೆಗೆ ನುಗ್ಗುವ ಗುಬ್ಬಚ್ಚಿಗಳು, ಎಲ್ಲ ಇದೆ. 1943ರ ಏಪ್ರಿಲ್‌ನಲ್ಲಿ ಹೆಂಡತಿ ಜುಲೇಖಾ ಬೇಗಂ ಕಲ್ಕತ್ತಾದಲ್ಲಿ ತೀರಿಕೊಂಡದ್ದೂ ಇದೆ. ಕಾಯಿಲೆ ಜೋರಾದಾಗ, ಸರ್ಕಾರಕ್ಕೆ ಏನಾದರೂ ಹೇಳುವುದಿದ್ದರೆ ತಿಳಿಸುತ್ತೇವೆ ಅಂದರು ಜೈಲಿನವರು. ಆಜಾದ್ ಬೇಡ ಅಂದರು. ದಿನದ ಕ್ರಮ ತಪ್ಪಿಸಲಿಲ್ಲ. ಪತ್ರಿಕೆ ಬಂದಾಗ ಎದೆ ಹೊಡೆದುಕೊಳ್ಳುತ್ತಿದ್ದರೂ ಏನೂ ಆಗದವರಂತೆ ಕೂರುತ್ತಿದ್ದರು. ಆ ಗಟ್ಟಿತನ ಬರೀ ತೋರಿಕೆ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಇದಕ್ಕೆ ಮೊಹರು ಬೇಕಿರಲಿಲ್ಲ. ಸಹೋದ್ಯೋಗಿಗಳ ಬಗೆಗಿನ ಅಭಿಪ್ರಾಯಕ್ಕೆ ಬೇಕಾಯಿತು.

ಆಮೇಲಿನದ್ದು ಬೇಗ ಹೇಳಬಹುದು. ನಮ್ಮಲ್ಲೂ ಕಡಿದಾಳ್ ಮಂಜಪ್ಪ, ನಿಜಲಿಂಗಪ್ಪ, ಎಸ್.ಎಂ. ಕೃಷ್ಣ ಬರೆದರು. 1994ರಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು: ಮನೆ, ಮದುವೆ, ಸಂಸಾರದ ವಿಷಯವನ್ನು ಆ ವ್ಯಕ್ತಿಯ ಒಪ್ಪಿಗೆ ಇಲ್ಲದೆ ಪ್ರಕಟಿಸುವಂತಿಲ್ಲ, ಆದರೆ ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಬರೆಯಬಹುದು. ಹುದ್ದೆಯಲ್ಲಿದ್ದು ಮಾಡಿದ ಕೆಲಸಕ್ಕೆ ಖಾಸಗಿತನದ ನೆಪವೂ ನಡೆಯದು. ಕೇಳಲು ಸರಳ. ಆದರೆ ಆತ್ಮಕಥೆ ಒಬ್ಬರದ್ದಾದರೂ ಅದರೊಳಗೆ ಹೆಂಡತಿ, ಮಕ್ಕಳು, ಗೆಳೆಯರು ಎಲ್ಲ ಇರುತ್ತಾರಲ್ವಾ? ಬರೆದವರೇ ಹೋಗಿಬಿಟ್ಟರೆ ಒಪ್ಪಿಗೆ ಕೇಳುವುದು ಯಾರನ್ನು?

ಈ ಪ್ರಶ್ನೆ 2020ರ ಡಿಸೆಂಬರ್‌ನಲ್ಲಿ ಮತ್ತೆ ಎದ್ದಿತು. ಮಾಜಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು. ಅವರ ನೆನಪುಗಳ ಕೊನೆಯ ಸಂಪುಟ ಅಚ್ಚಿಗೆ ಹೊರಟಿತ್ತು. ನಾನು ಓದಿ ಒಪ್ಪುವ ತನಕ ನಿಲ್ಲಿಸಿ ಅಂತ ಮಗ ಪ್ರಕಾಶಕರನ್ನು ಕೇಳಿದರು, ಅದೂ ಟ್ವಿಟರ್‌ನಲ್ಲಿ, ಎಲ್ಲರ ಎದುರು. ಮಗಳು ಅಲ್ಲೇ ಉತ್ತರ ಕೊಟ್ಟರು: ಸುಮ್ನೆ ಅಡ್ಡಿ ಮಾಡಬೇಡ, ಅಪ್ಪನೇ ಮುಗಿಸಿದ್ದು, ಕೊನೆಯ ಕರಡಿನಲ್ಲಿ ಅವರ ಕೈಬರಹದ ಟಿಪ್ಪಣಿಗಳಿವೆ ಎನ್ನುವ ಅರ್ಥದಲ್ಲಿ. ಪುಸ್ತಕ ಜನವರಿಯಲ್ಲಿ ಬಂತು.