ಬಾಕ್ಸ್ ಮ್ಯಾಲ 3+ ಅಂತ ಐತಿ, ನಮ್ಮ ಹುಡುಗ ಬಾಳ ಶಾಣ್ಯಾ, ಈಗ ಕೊಡಬಹುದೇನ್ರಿ?

ಪ್ರಶ್ನೆ: "ಅಕ್ಕಾರ, ನಮಸ್ಕಾರ್ರಿ. ನಾವು ಬಾಗಲಕೋಟಿ ನವನಗರದಾಗ ಇರ್ತೀವಿ. ನಮ್ಮ ಹುಡುಗಗ ಎರಡು ವರ್ಷ ತುಂಬಿ ಮೂರು ತಿಂಗಳಾತು. ನಮ್ಮ ಅಣ್ಣ ಬೆಳಗಾವಿಯಿಂದ ಬರುವಾಗ ಅವಗ ಒಂದು ಬ್ಲಾಕ್ಸ್ ಸೆಟ್ ತಂದಾನ, ನೋಡಿದ್ರ ಬಾಕ್ಸ್ ಮ್ಯಾಲ 3+ ಅಂತ ಬರದೈತಿ. ನಮ್ಮ ಹುಡುಗ ಬಾಳ ಶಾಣ್ಯಾ ಅದಾನ್ರಿ, ಮೊಬೈಲ್ ತಾನ ತಗದು ಯೂಟ್ಯೂಬ್ ಹಚ್ಕೋತಾನ, ಎಬಿಸಿಡಿ ಪೂರಾ ಅಂತಾನ. ಒಂದಿಷ್ಟು ತಿಂಗಳ ಮುಂಚೆ ಕೊಟ್ರ ಏನಾಗ್ತೈತಿ?"

ಕೊಡಬ್ಯಾಡ್ರಿ. ಇಡೀ ಬಾಕ್ಸ್ ಅಂತೂ ಬ್ಯಾಡ. ಅದರಾಗಿನ ದೊಡ್ಡ ದೊಡ್ಡ ಸಾಮಾನು ಬೇಕಾದ್ರ ಆರಿಸಿ ಕೊಡಬಹುದು, ಹೆಂಗ ಆರಿಸೂದು ಅನ್ನೂದು ಮುಂದ ಹೇಳ್ತೀನಿ.

ಈ ಪ್ರಶ್ನಿ ನನಗ ಎಷ್ಟು ಮಂದಿ ಕೇಳ್ಯಾರ ಅಂದ್ರ ಲೆಕ್ಕ ಇಲ್ಲ, ಎಲ್ಲಾರೂ ಕೇಳೂದು ಹಿಂಗ, "ನಮ್ಮ ಹುಡುಗಿ ಬಾಳ ಚುರುಕ ಅದಾಳ" "ನಮ್ಮ ಹುಡುಗ ವಯಸ್ಸಿಗಿಂತ ಮುಂದ ಅದಾನ" ಅಂತ. ಇರಲಿ, ಖರೇನ ಇರಬಹುದು. ಆದ್ರ ಆ 3+ ಅನ್ನೂದು ಕೂಸಿನ ಬುದ್ಧಿಗಿ ಕೊಟ್ಟ ಮಾರ್ಕ್ಸ್ ಅಲ್ಲ. 8+, 12+ ಅಂತ ಇದ್ರ ಹೌದು, ಅದು ಎಷ್ಟೋ ಸಲ ಆಟ ತಿಳೀತೈತೋ ಇಲ್ಲೋ ಅನ್ನೂದರ ಮ್ಯಾಲ ಹಾಕಿರ್ತಾರ. 3+ ಇದ್ರ ಮಾತ್ರ ಅದು ಹೆಚ್ಚಾಗಿ ಗಂಟಲಿಗಿ ಸಂಬಂಧಪಟ್ಟಿದ್ದು. ಬಾಕ್ಸ್ ತಿರುವಿ ನೋಡ್ರಿ, ಎಲ್ಲೋ ಮೂಲ್ಯಾಗ ಅಳುಮುಖದ ಕೂಸಿನ ಚಿತ್ರ, ಬಾಜೂಕ 0-3 ಅಂತ ಬರದು ಅಡ್ಡ ಗೀಟು ಎಳದಿರ್ತಾರ, ಅದರ ಕೆಳಗ ಕಣ್ಣಿಗಿ ಕಾಣದಷ್ಟು ಸಣ್ಣ ಅಕ್ಷರದಾಗ ಸಣ್ಣ ಬಿಡಿಭಾಗ ಅದಾವು, ಉಸಿರು ಕಟ್ಟಬಹುದು ಅಂತ ಇರ್ತೈತಿ. ಎಬಿಸಿಡಿ ಬಂದ ಹುಡುಗನ ಗಂಟಲಾ ಬ್ಯಾರೆ ಅಲ್ಲ, ಬರದ ಹುಡುಗನ ಗಂಟಲಾ ಬ್ಯಾರೆ ಅಲ್ಲ.

ಯಾಕ ಮೂರು ವರ್ಷ? ಒಂದು, ಆ ವಯಸ್ಸಿನ ತನಕ ಕೂಸು ಏನ್ ಸಿಕ್ರೂ ಮೊದಲ ಬಾಯಾಗ ಹಾಕ್ಕೊಂಡು ನೋಡ್ತೈತಿ, ಕೈಗಿಂತ ಬಾಯಿಂದನ ಅದಕ್ಕ ತಿಳ್ಯೂದು ಜಾಸ್ತಿ. ಎರಡು, ಮುಂದಿನ ಹಲ್ಲು ಲಗೂನ ಬರ್ತಾವು, ಅರದು ನುಂಗೂ ಹಿಂದಿನ ದವಡಿ ಹಲ್ಲು ಪೂರಾ ಬರೂದು ಎರಡೂವರಿ ಮೂರು ವರ್ಷದ ಹೊತ್ತಿಗಿ, ಅಂದ್ರ ಕಡ್ಯಾಕ ಬರ್ತೈತಿ, ಅರ್ಯಾಕ ಬರೂದಿಲ್ಲ. ಮೂರು, ಉಸಿರಿನ ಕೊಳವಿ ಹೆಚ್ಚೂ ಕಮ್ಮಿ ಆ ಕೂಸಿನ ಕಿರಿಬೆರಳಿನಷ್ಟ ದಪ್ಪ ಇರ್ತೈತಿ, ಕೆಮ್ಮಿ ಹೊರಗ ಹಾಕೂ ಶಕ್ತೀನೂ ನಮ್ಮಷ್ಟು ಇರೂದಿಲ್ಲ. ಇದಕ್ಕ ನಮ್ಮ ಕಡೆ ಆಟಿಗಿ ಸಾಮಾನಿಗಿಂತ ದೊಡ್ಡ ವೈರಿ ಯಾವುದು ಗೊತ್ತೇನ್ರಿ, ಶೇಂಗಾ. ಮಕ್ಕಳ ಉಸಿರಿನ ಕೊಳವ್ಯಾಗ ಸಿಗಬೀಳೂ ಕಾಳಿನ್ಯಾಗ ಶೇಂಗಾನ ಮುಂದ. ಪಂಚಮಿ ಬಂತಂದ್ರ ಮನಿ ತುಂಬ ಅಳ್ಳು, ಶೇಂಗಾ ಉಂಡಿ, ಹುಡುಗುರು ಬಾಯಾಗ ಇಟ್ಕೊಂಡ ಓಡ್ಯಾಡ್ತಾವು, ಜೋಕಾಲಿ ಆಡ್ತಾವು. ನಾಲ್ಕೈದು ವರ್ಷ ಆಗೂತನಕ ಇಡೀ ಶೇಂಗಾ ಕೊಡಬ್ಯಾಡ್ರಿ, ಪುಡಿ ಮಾಡಿ ಕೊಡ್ರಿ. ಸೀತಾಫಲದ ಬೀಜ, ಹುಣಸಿ ಬೀಜ ಅವೂ ಹಂಗ. ಸಾವಿರಾರು ರೂಪಾಯಿ ಆಟಿಗಿ ಬಾಕ್ಸ್ ಓದಿ ಓದಿ ತಗೊಂಡು, ಬಾಜೂಕ ಚುರಮುರಿ ಜೋಡಿ ಶೇಂಗಾ ಹಾಕಿ ಕೊಡೂರನ್ನ ಬಾಳ ಮಂದಿ ನೋಡೀನಿ.

ಈಗ ಅಳತಿ ವಿಷಯಕ್ಕ ಬರೂಣು. ಆಟಿಗಿ ಪರೀಕ್ಷಾ ಮಾಡೂ ಲ್ಯಾಬಿನ್ಯಾಗ ಒಂದು ಸಣ್ಣ ಕೊಳವಿ ಇರ್ತೈತಿ, ಅದರ ಬಾಯಿ ಅಗಲ 31.7 ಮಿಲಿಮೀಟರ್. ತಳ ಓರೆ ಇರ್ತೈತಿ, ಆಳ ಒಂದು ಕಡೆ 25.4, ಇನ್ನೊಂದು ಕಡೆ 57.1 ಮಿಲಿಮೀಟರ್. ಯಾವ ಸಾಮಾನು ಒತ್ತದ ಅದುಮದ ತಾನ ಪೂರಾ ಅದರೊಳಗ ಕೂಡ್ತೈತೋ ಅದು ಸಣ್ಣ ಭಾಗ, ಅಂಥಾದ್ದು ಇದ್ದ ಆಟಿಗಿ ಮೂರು ವರ್ಷದ ಒಳಗಿನವರಿಗಿ ನಡ್ಯೂದಿಲ್ಲ. ಇದನ್ನ ಮನ್ಯಾಗ ಮಾಡ್ಕೊಳ್ಳೂದು ಬಾಳ ಸರಳ ಐತಿ. ಹಳೇ ಲಗ್ನಪತ್ರಿಕಿ ಒಂದು ತಗೋರಿ, ದಪ್ಪ ಹಾಳಿ ಇರಬೇಕು. 10 ಸೆಂಟಿಮೀಟರ್ ಉದ್ದ, 5.7 ಸೆಂಟಿಮೀಟರ್ ಅಗಲ ಕತ್ತರಿಸ್ರಿ. 10 ಸೆಂಟಿಮೀಟರ್ ಕಡೆಯಿಂದ ಸುತ್ತಿ, ಒಂದರ ಮ್ಯಾಲ ಒಂದು ಏರದಂಗ ಅಂಚಿಗಿ ಅಂಚು ಕೂಡ್ಸಿ ಸೆಲ್ಲೋಟೇಪ್ ಹಚ್ರಿ. ಅಷ್ಟ. ಸುತ್ತಳತಿ 10 ಬಂದ್ರ ಬಾಯಿ ಅಗಲ 31.8ರ ಹತ್ರ ಬರ್ತೈತಿ, ಲ್ಯಾಬಿನ ಕೊಳವಿಗಿ ಕೂದಲೆಳಿ ಫರಕು. ಅದನ್ನ ನೆಟ್ಟಗ ನಿಲ್ಲಿಸಿ ಬಾಕ್ಸಿನ್ಯಾಗಿನ ಒಂದೊಂದ ಸಾಮಾನು ಹಾಕಿ ನೋಡ್ರಿ, ಗಾಲಿ, ಗೊಂಬಿ ಕೈ, ಸಣ್ಣ ಬ್ಲಾಕ್, ಟೊಪಿಗಿ. ಪೂರಾ ಒಳಗ ಹೋತಂದ್ರ ಆ ಸಾಮಾನು ಮ್ಯಾಲ ಅಟ್ಟದಾಗ ಇಡ್ರಿ. ಕೊಳವಿ ಮನ್ಯಾಗ ಬಿಟ್ಟು ಅಂಗಡಿಗಿ ಹೋಗೀರಿ ಅಂದ್ರ ಹತ್ತು ರೂಪಾಯಿ ನಾಣ್ಯ ನೆನಪಿಟ್ಕೋರಿ, ಅದು 27 ಮಿಲಿಮೀಟರ್ ಅಗಲ, ಅದಕ್ಕಿಂತ ಸ್ವಲ್ಪ ದೊಡ್ಡದಿದ್ರೂ ಗಂಟಲಿಗಿ ಸಣ್ಣದ.

ಚೆಂಡಿಗಿ ಮಾತ್ರ ಲೆಕ್ಕ ಬ್ಯಾರೆ, ಯಾಕಂದ್ರ ದುಂಡಗ ಇದ್ದದ್ದು ಒಳಗ ಜಾರಿ ಗಚ್ಚನ ಕುಂತು ಪೂರಾ ಮುಚ್ಚಿಬಿಡ್ತೈತಿ. ಅದಕ್ಕ ಮೂರರ ಒಳಗಿನವರಿಗಿ 44.5 ಮಿಲಿಮೀಟರಿಗಿಂತ ದೊಡ್ಡ ಚೆಂಡ ಆಗಬೇಕು. ಟೇಬಲ್ ಟೆನಿಸ್ ಚೆಂಡು 40 ಮಿಲಿಮೀಟರ್, ನೋಡಾಕ ಎಷ್ಟು ದೊಡ್ಡದ ಅನಸ್ತೈತಿ, ಆದ್ರ ಅದೂ ಫೇಲ್. ಗೋಲಿಗುಂಡದ ಮಾತಂತೂ ಬಿಡ್ರಿ.

ಮೂರು ತುಂಬಿದ ಮ್ಯಾಲೂ ನಾನು ಹೆದರೂ ಸಾಮಾನು ಕೆಲವು ಅದಾವು, ಇವಕ್ಕ ಬಾಕ್ಸ್ ಮ್ಯಾಲಿನ ನಂಬರ್ ನಂಬಿ ಕುಂದ್ರಬ್ಯಾಡ್ರಿ.

ಬಲೂನು. ಊದಿದ್ದಲ್ಲ, ಒಡದದ್ದು ಮತ್ತ ಊದದ್ದು. ಒಡದ ತುಕಡಿ ಬಾಯಾಗ ಇಟ್ಕೊಂಡು ಎಳೀತಾವಲ್ಲ ಹುಡುಗುರು, ಅದು ಗಂಟಲಿನ್ಯಾಗ ಹೋಗಿ ಅಂಟಿದ್ರ ಗಾಳಿ ಆಡಾಕ ಸಂದಿನ ಇರೂದಿಲ್ಲ. ಎಂಟು ವರ್ಷದ ಒಳಗಿನವರು ತಾವ ಊದಬಾರದು, ಊದೂದಿದ್ರ ನೀವ ಊದಿ ಕೊಡ್ರಿ, ಒಡದ ಕೂಡ್ಲೆ ತುಕಡಿ ಆರಿಸ್ರಿ. ಬನಶಂಕರಿ ಜಾತ್ರ್ಯಾಗ ಬಲೂನ್ ಹಚ್ಚಿದ ಪೀಪಿ ಮಾರ್ತಾರಲ್ಲ, ಅದರಾಗ ಎರಡೂ ಅಪಾಯ ಒಂದ ಕಡೆ, ಪೀಪಿ ಒಳಗಿನ ಸಣ್ಣ ಪಟ್ಟಿ ಹೊರಗ ಬಂದ್ರ ಉಸಿರು ಎಳಕೊಂಡಾಗ ಸೀದಾ ಒಳಗ.

ಬಟನ್ ಸೆಲ್, ಅಂದ್ರ ಅಂಗಿ ಗುಂಡಿಯಂಗ ಚಪ್ಪಟಿ ಇರೂ ಸಣ್ಣ ಬ್ಯಾಟರಿ. ಇದು ಎಲ್ಲಾದಕ್ಕಿಂತ ಕೆಟ್ಟದ್ದು ಅಂತ ನನ್ನ ಅಭಿಪ್ರಾಯ. ಸಿಆರ್ 2032 ಅನ್ನೂ ಸೆಲ್ 20 ಮಿಲಿಮೀಟರ್ ಅಗಲ, ನುಂಗಿದ್ರ ಅನ್ನನಾಳದಾಗ ಸಿಗಬೀಳ್ತೈತಿ, ಅಲ್ಲಿ ಹಸಿ ತಾಗಿ ಕರೆಂಟ್ ಹರದು ಸುತ್ತಲಿನ ಮಾಂಸ ಸುಡಾಕ ಚಾಲೂ ಮಾಡ್ತೈತಿ, ಎರಡು ತಾಸಿನ್ಯಾಗ ಗಂಭೀರ ಗಾಯ ಆಗಬಹುದು. ಕೂಸು ಒಮ್ಮೊಮ್ಮೆ ಕೆಮ್ಮೂದೂ ಇಲ್ಲ, ಜೊಲ್ಲು ಸುರಸ್ತೈತಿ, ಉಣ್ಣಾಕ ಒಲ್ಲೆ ಅಂತೈತಿ, ಅಷ್ಟ. ನುಂಗಿರಬಹುದು ಅಂತ ಸಂಶೆ ಬಂದ್ರೂ ಸಾಕು, ನೋಡೂಣು ಸಂಡಾಸದಾಗ ಬರ್ತೈತಿ ಅಂತ ಕುಂದ್ರಬ್ಯಾಡ್ರಿ, ಎಕ್ಸ್‌ರೇ ಇದ್ದ ದವಾಖಾನಿಗಿ ಆಗಿಂದಾಗ ಹೋಗ್ರಿ, ವಾಂತಿ ಮಾಡಸಬ್ಯಾಡ್ರಿ. ಒಂದು ವರ್ಷ ದಾಟಿದ ಕೂಸು ನುಂಗಾಕ ಬರ್ತಿದ್ರ ದಾರ್ಯಾಗ ಹತ್ತು ನಿಮಿಷಕ್ಕೊಮ್ಮೆ ಎರಡು ಚಮಚಿ ಜೇನುತುಪ್ಪ ಕೊಡಬಹುದು, ಸುಡೂದು ಸ್ವಲ್ಪ ತಡೀತೈತಿ. ಆದ್ರ ಜೇನುತುಪ್ಪ ಹುಡಕ್ಕೋಂತ ಮನ್ಯಾಗ ನಿಲ್ಲಬ್ಯಾಡ್ರಿ. ಆಟಿಗಿ ತಗೊಳ್ಳುವಾಗ ಸೆಲ್ ಹಾಕೂ ಮುಚ್ಚಳಕ್ಕ ಸ್ಕ್ರೂ ಐತೋ ಇಲ್ಲೋ ನೋಡ್ರಿ. ಉಗುರಿನಿಂದ ತಗ್ಯಾಕ ಬಂದ್ರ ಅದು ಮನಿಗಿ ಬರೂದ ಬ್ಯಾಡ. ಮನ್ಯಾಗ ಸಣ್ಣ ರಿಮೋಟು, ಲೈಟ್ ಹತ್ತೂ ಕೀಚೈನು, ತೂಕದ ಯಂತ್ರ ಇವನ್ನೂ ಒಮ್ಮೆ ನೋಡ್ರಿ.

ಮ್ಯಾಗ್ನೆಟ್ ಒಂದು ನುಂಗಿದ್ರ ಬ್ಯಾರೆ, ಎರಡು ನುಂಗಿದ್ರ ಕರುಳಿನ ಆ ಕಡೆ ಒಂದು ಈ ಕಡೆ ಒಂದು ನಿಂತು ಒಂದನ್ನೊಂದು ಎಳಕೊಂಡು ನಡುವಿನ ಕರುಳು ತೂತು ಬೀಳ್ತೈತಿ. ನೀರಾಗ ಹಾಕಿದ್ರ ಉಬ್ಬೂ ಬಣ್ಣದ ಜೆಲ್ಲಿ ಗುಂಡ ಬರ್ತಾವಲ್ಲ, ಅವು ಹೊಟ್ಟ್ಯಾಗೂ ಉಬ್ಬತಾವು. ಸಣ್ಣ ಕೂಸಿದ್ದ ಮನ್ಯಾಗ ಇವೆರಡೂ ತರಲೇಬ್ಯಾಡ್ರಿ.

ಇನ್ನ ಖರೇನ ಏನರೆ ಸಿಗಬಿತ್ತು ಅಂದ್ರ: ಕೂಸು ಜೋರಾಗಿ ಕೆಮ್ಮಾಕತ್ತಿದ್ರ ಕೆಮ್ಮಾಕ ಬಿಡ್ರಿ. ಕೆಮ್ಮು ಬರವಲ್ದು, ಅಳೂ ಧ್ವನಿ ಇಲ್ಲ, ತುಟಿ ನೀಲಿ ಆಗಾಕತ್ತಾವು ಅಂದ್ರ ಒಬ್ಬರು 108ಕ್ಕ ಫೋನ್ ಮಾಡ್ರಿ, ಇನ್ನೊಬ್ಬರು ಕೂಸಿನ್ನ ಮುಂದ ಬಗ್ಗಿಸಿ ಬೆನ್ನಿನ ಮ್ಯಾಲ ಎರಡು ರೆಟ್ಟಿ ನಡುವ ಅಂಗೈಯಿಂದ ಐದು ಸಲ ಜೋರ ಹೊಡೀರಿ. ಬರಲಿಲ್ಲಂದ್ರ, ವರ್ಷ ದಾಟಿದ ಕೂಸಿಗಿ ಹಿಂದಿನಿಂದ ಅಪ್ಪಿ ಹಿಡದು ಹೊಕ್ಕಳಕ್ಕಿಂತ ಸ್ವಲ್ಪ ಮ್ಯಾಲ ಮುಷ್ಟಿಯಿಂದ ಒಳಗ ಮತ್ತ ಮ್ಯಾಲ ಐದು ಸಲ ಒತ್ರಿ. ಹೊರಗ ಬರೂತನಕ ಇವೆರಡೂ ಒಂದಾದ ಮ್ಯಾಲ ಒಂದು. ವರ್ಷದ ಒಳಗಿನ ಕೂಸಿಗಿ ಹೊಟ್ಟಿ ಒತ್ತಬಾರದು, ತಲಿ ಕೆಳಗ ಮಾಡಿ ಮುಂಗೈ ಮ್ಯಾಲ ಬೋರಲ ಮಲಗಿಸಿ ಬೆನ್ನಿಗಿ ಐದು, ಆಮ್ಯಾಲ ಹೊಳ್ಳಿಸಿ ಎದಿ ನಡುವ ಒಂದು ಅಂಗೈ ಬುಡದಿಂದ ಐದು ಸಲ ಒತ್ರಿ. ಸಾಮಾನು ಕಣ್ಣಿಗಿ ಕಾಣದ ಹೊರತು ಬಾಯಾಗ ಬೆರಳು ಹಾಕಿ ತಡಕಾಡಬ್ಯಾಡ್ರಿ, ಇನ್ನೂ ಒಳಗ ಹೋಗ್ತೈತಿ. ನಮ್ಮ ಕಡೆ ಹಿರ್ಯಾರು ಮೊದಲ ಮಾಡೂದ ಅದು.

"ಐಎಸ್‌ಐ ಮಾರ್ಕ್ ಐತಲ್ರಿ ಮತ್ತ" ಅಂತೀರೇನು? 2021ರ ಜನವರಿ 1ರಿಂದ 14 ವರ್ಷದ ಒಳಗಿನ ಮಕ್ಕಳ ಆಟಿಗಿಗೆ ಅದು ಕಡ್ಡಾಯ ಐತಿ. ಕರೆಂಟು ಬ್ಯಾಟರಿ ಇಲ್ಲದ್ದಕ್ಕ ಐಎಸ್ 9873, ಇದ್ದದ್ದಕ್ಕ ಐಎಸ್ 15644 ಅಂತ ಮಾರ್ಕಿನ ಮ್ಯಾಲ ಬರದಿರ್ತಾರ, ಕೆಳಗ ಸಿಎಂ/ಎಲ್ ಅಂತ ಚಾಲೂ ಆಗೂ ಲೈಸೆನ್ಸ್ ನಂಬರ್. ಮೊಬೈಲಿನ್ಯಾಗ ಬಿಐಎಸ್ ಕೇರ್ ಆ್ಯಪ್ ಹಾಕ್ಕೊಂಡು ಆ ನಂಬರ್ ಹೊಡದ್ರ ಖರೇದೋ ಖೊಟ್ಟಿದೋ ಗೊತ್ತಾಗ್ತೈತಿ. ಬಣ್ಣದಾಗ ಸೀಸ ಎಷ್ಟು ಬಿಡ್ತೈತಿ ಅನ್ನೂದನ್ನೂ ಅದರಾಗ ನೋಡ್ತಾರ, ಹಿಂಗಾಗಿ ಮಾರ್ಕ್ ಇದ್ದದ್ದ ತಗೋರಿ. ಆದ್ರ 3+ ಆಟಿಗಿ ಪಾಸ್ ಆಗಿರೂದು ಮೂರು ದಾಟಿದವರ ಆಟಿಗಿ ಅಂತ. ಎರಡು ವರ್ಷದವಗ ಆ ಮಾರ್ಕ್ ಏನೂ ಗ್ಯಾರಂಟಿ ಕೊಡೂದಿಲ್ಲ.

ಕೈಯಿಂದ ಮಾಡಿದ್ದಕ್ಕ, ಅಂದ್ರ ನೋಂದಣಿ ಆದ ಕುಶಲಕರ್ಮಿಗಳು ಮಾಡಿದ್ದಕ್ಕ, ಚನ್ನಪಟ್ಟಣದ್ದು, ಕಿನ್ನಾಳದ್ದು ಅಂತ ಜಿಐ, ಅಂದ್ರ ಊರಿನ ಹೆಸರಿನ ಸರ್ಕಾರಿ ಗುರುತು, ಸಿಕ್ಕಿದ್ದಕ್ಕ ಈ ಮಾರ್ಕಿನಿಂದ ವಿನಾಯ್ತಿ ಐತಿ. ಮಾರ್ಕ್ ಇಲ್ಲಂತ ಅವು ಕೆಟ್ಟವು ಅಲ್ಲ, ಚನ್ನಪಟ್ಟಣದ ಅರಗಿನ ಬಣ್ಣದ ಗಿಲಕಿ ನನಗ ಬಾಳ ಸೇರ್ತೈತಿ. ನಮ್ಮ ಗೋಕಾಕಿನ ಕಟಗಿ ಹಣ್ಣು ಮಾತ್ರ ಕೂಸಿನ ಕೈಯಾಗ ಕೊಡಬ್ಯಾಡ್ರಿ, ಅಷ್ಟು ಚಂದ ಮಾಡಿರ್ತಾರ ಅಂದ್ರ ಬಾಳೆಹಣ್ಣು ಪೇರಲಹಣ್ಣು ಅಂತ ತಿಳದು ಸೀದಾ ಕಡ್ಯಾಕ ಹೋಗ್ತೈತಿ. ಅವು ಶೋಕೇಸಿನ್ಯಾಗ ಇರಲಿ. ಜಾತ್ರ್ಯಾಗ ನಾನು ತಗೊಳ್ಳೂದು ಕಟಗಿ ಚಕ್ಕಡಿ, ದೊಡ್ಡ ಚೆಂಡು, ಇಂಥಾವು. ಗಾಲಿ ಹಿಡದು ಅಲ್ಲೇ ಅಂಗಡ್ಯಾಗ ಜಗ್ಗಿ ನೋಡ್ತೀನಿ, ಅಂಗಡಿಯಾಂವ ಸಿಟ್ಟಾಗ್ತಾನ, ಆಗಲಿ.

ಪುಸ್ತಕಕ್ಕ ಈ ಲೆಕ್ಕ ಉಲ್ಟಾ. ಪುಸ್ತಕದ ಮ್ಯಾಲ 4-6 ವರ್ಷ ಅಂತ ಇದ್ರೂ ಎರಡರ ಕೂಸಿನ್ನ ತೊಡಿ ಮ್ಯಾಲ ಕುಂದ್ರಿಸ್ಕೊಂಡು ಆರಾಮ ಓದ್ರಿ, ಅದು ಭಾಷಾದ ಅಂದಾಜು, ಗಂಟಲಿಂದಲ್ಲ. ಬರದಂಗ ಓದಬೇಕಂತನೂ ಇಲ್ಲ, ಚಿತ್ರ ತೋರ್ಸಿ ನಮ್ಮ ಮಾತಿನ್ಯಾಗ ಕಥಿ ಮಾಡಿ ಹೇಳ್ರಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಿನ್ಯಾಗ ಕನ್ನಡ ಕಥಿ ರೊಕ್ಕ ಇಲ್ಲದ ಸಿಗ್ತಾವು, ಹಂತ 1ರಿಂದ 4ರ ತನಕ. ಎರಡರ ಕೂಸಿಗಿ ಹಂತ 1ರಾಗಿನ ಒಂದು ಸಾಲಿನ ಪುಟ ಸಾಕು. ಆಫೀಸ್ ಮುಗಿಸಿ ಬಂದು ಅಡಗಿ ಮಾಡಿ ಮಲಗೂ ಹೊತ್ತಿಗಿ ನನಗೂ ಅಷ್ಟ ತ್ರಾಣ ಉಳದಿರ್ತೈತಿ. ರಟ್ಟಿನ ಪುಟದ ಪುಸ್ತಕ ತಗೊಂಡ್ರ ಮೂಲಿ ಕಡದು ಮೆತ್ತಗಾಗಿ ತುಕಡಿ ಬರಾಕತ್ತಿದ್ರ ತಗದಿಡ್ರಿ. ಬಟನ್ ಒತ್ತಿದ್ರ ಹಾಡೂ ಪುಸ್ತಕ ಬರ್ತಾವಲ್ಲ, ಅವನ್ನ ಪುಸ್ತಕ ಅಂತ ತಿಳಕೋಬ್ಯಾಡ್ರಿ, ಹಿಂದ ಬಟನ್ ಸೆಲ್ ಇರ್ತಾವು, ಮ್ಯಾಲ ಹೇಳಿದ ಸ್ಕ್ರೂ ಲೆಕ್ಕ ಅದಕ್ಕೂ.

ಮನ್ಯಾಗ ದೊಡ್ಡ ಹುಡುಗ ಇದ್ದ ಸಣ್ಣ ಕೂಸೂ ಇದ್ರ ಬಾಕ್ಸ್ ಓದಿ ಉಪಯೋಗಿಲ್ಲ, ಅಣ್ಣನ ಸಾಮಾನು ಎಲ್ಲಾ ತಮ್ಮನ ಬಾಯಾಗ ಇರ್ತಾವು. ದೊಡ್ಡಾವ ಆಡುವಾಗ ಕೆಳಗ ಒಂದು ಹಳೇ ಚಾದರ ಹಾಸ್ರಿ. ಮುಗಿದ ಮ್ಯಾಲ ನಾಲ್ಕೂ ಮೂಲಿ ಹಿಡದು ಎತ್ತಿ ಡಬ್ಬಿಗಿ ಸುರುವಿದ್ರ ಕಾಟಿನ ಕೆಳಗ ಒಂದೂ ಉಳ್ಯೂದಿಲ್ಲ. ಆಯಿಗಿ, ಕೂಸು ನೋಡ್ಕೊಳ್ಳೂರಿಗಿ ಆ ಲಗ್ನಪತ್ರಿಕಿ ಕೊಳವಿ ಕೈಯಾಗ ಕೊಟ್ಟು ತೋರಿಸ್ರಿ, ಬಾಯಿಂದ ಹತ್ತು ಸಲ ಹೇಳೂದಕ್ಕಿಂತ ಅದು ಲಗೂ ತಿಳೀತೈತಿ.

ಹಂಗಾರ ನಿಮ್ಮ ಅಣ್ಣ ತಂದ ಸೆಟ್? ಬಿಚ್ಚಿ, ಒಂದೊಂದ ಕೊಳವ್ಯಾಗ ಹಾಕ್ರಿ. ಒಳಗ ಹೋಗದ ದೊಡ್ಡ ಬ್ಲಾಕ್ ಇದ್ರ, ಅವನ್ನ ಜಗ್ಗಿ ತಿರುವಿ ನೋಡಿ, ಮುರದು ತುಕಡಿ ಆಗೂವಲ್ಲ ಅಂದ್ರ ನೀವು ಬಾಜೂಕ ಕುಂತಾಗ ಆಡಾಕ ಕೊಡ್ರಿ, ಅಣ್ಣಗ ಒಂದು ಫೋಟೋ ಕಳಸ್ರಿ, ಅವಗೂ ಸಮಾಧಾನ. ಉಳದದ್ದು ಅಟ್ಟಕ್ಕ. ಮೂರು ತುಂಬಿದ ದಿನಾನ ತಗೀಬೇಕಂತನೂ ಇಲ್ಲ, ಅವತ್ತಿಗೂ ಪೆನ್ನಿನ ಟೋಪನ, ಅಂಗಿ ಗುಂಡಿ ಬಾಯಾಗ ಹಾಕ್ಕೊಳ್ಳಾಕತ್ತಿದ್ರ ಇನ್ನೊಂದಿಷ್ಟು ತಿಂಗಳ ಅಲ್ಲೇ ಇರಲಿ.