ನಕ್ಷೆಯಲ್ಲಿಲ್ಲದ ಹತ್ತಿರದ ದಾರಿ

ಅಲಾಸ್ಕದ ಉತ್ತರ ತುದಿಯ ಉಟ್ಕಿಯಾಗ್ವಿಕ್ ಎಂಬ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ; 2016ರವರೆಗೆ ಅದರ ಅಧಿಕೃತ ಹೆಸರು ಬ್ಯಾರೋ. ನಾರ್ವೆಯ ಉತ್ತರ ಕರಾವಳಿಯಲ್ಲಿ ಹ್ಯಾಮರ್‌ಫೆಸ್ಟ್ ಎಂಬ ಬಂದರು ಪಟ್ಟಣವಿದೆ. ಎರಡೂ ಹೆಚ್ಚುಕಡಿಮೆ 71 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಗೋಡೆಯ ನಕ್ಷೆಯ ಮೇಲೆ ಇವೆರಡರ ನಡುವೆ ಅಡಿಪಟ್ಟಿಯಿಟ್ಟು ಗೆರೆ ಎಳೆದರೆ, ಅದು ಕೆನಡ, ಗ್ರೀನ್‌ಲ್ಯಾಂಡ್‌ಗಳನ್ನು ದಾಟಿ ಪೂರ್ವಕ್ಕೆ ಸಾಗುತ್ತದೆ. ಆ ಗೆರೆಯ ಮೇಲೆಯೇ ಹಾರಿದರೆ ದೂರ ಸುಮಾರು 6,500 ಕಿಲೋಮೀಟರು. ನೇರ ಉತ್ತರಕ್ಕೆ ಹೊರಟು ಧ್ರುವದ ಮಗ್ಗುಲಲ್ಲಿ ಹಾದುಹೋದರೆ ಸುಮಾರು 4,230 ಮಾತ್ರ.

ನಂಬಿಕೆ ಬಾರದವರು ಒಂದು ಚಕ್ಕೋತ ಹಣ್ಣು ತಂದು, ತೊಟ್ಟಿನ ಆಚೆಗೊಂದು ಈಚೆಗೊಂದು ಲವಂಗ ಚುಚ್ಚಿ, ಅವೆರಡರ ನಡುವೆ ತೊಟ್ಟನ್ನು ಬಳಸಿಕೊಂಡು ಹೋಗುವಂತೆ ದಾರವಿಟ್ಟು ಮೆಲ್ಲನೆ ಬಿಗಿಯಲಿ. ದಾರ ಸುತ್ತುದಾರಿಯನ್ನು ಬಿಟ್ಟು ತಾನಾಗಿ ತೊಟ್ಟಿನ ಕಡೆಗೆ ಜಾರುತ್ತದೆ. ದೇವಸ್ಥಾನದ ಪ್ರದಕ್ಷಿಣೆಯನ್ನೂ ನೆನೆಯಬಹುದು. ಹೊರಪ್ರಾಕಾರದ ಸುತ್ತು ದೊಡ್ಡದು, ಗರ್ಭಗುಡಿಗೆ ಹತ್ತಿಕೊಂಡ ಸುತ್ತು ಚಿಕ್ಕದು. ಹಾಗೆಯೇ ಸಮಭಾಜಕದಲ್ಲಿ 111 ಕಿಲೋಮೀಟರಿರುವ ಒಂದು ಡಿಗ್ರಿ ರೇಖಾಂಶ 71ನೆಯ ಅಕ್ಷಾಂಶದಲ್ಲಿ ಸುಮಾರು 36ಕ್ಕೆ ಕುಗ್ಗಿರುತ್ತದೆ. ನಮ್ಮ ಎರಡು ಊರುಗಳು ಧ್ರುವದ ಸುತ್ತಿನಲ್ಲಿ ಎದುರುಬದುರಾಗಿವೆ, ಎಂದರೆ ನಕ್ಷೆಯ ಗೆರೆ ಅರ್ಧ ಪ್ರದಕ್ಷಿಣೆ, ವಿಮಾನದ ದಾರಿ ಅಡ್ಡ ಹಾಯುವಿಕೆ. ಸಮತಟ್ಟಾದ ಅಂಗಳದಲ್ಲಾದರೆ ಮೊದಲನೆಯದು ಎರಡನೆಯದರ 1.57 ಪಟ್ಟಾಗುತ್ತಿತ್ತು, ಭೂಮಿಯ ನೆತ್ತಿ ಕೊಂಚ ಉಬ್ಬಿರುವುದರಿಂದ ಇಲ್ಲಿ 1.54 ಪಟ್ಟು.

ಈ ಗೊಂದಲದ ಮೂಲ 1569ರಲ್ಲಿ ಮರ್ಕೇಟರ್ ಎಂಬ ನಕ್ಷೆಗಾರ ರಚಿಸಿದ ನಕ್ಷೆ. ದಿಕ್ಸೂಚಿಯ ಒಂದೇ ಕೋನವನ್ನು ಹಿಡಿದು ಹಡಗು ನಡೆಸುವವರಿಗೆ ಅವರ ದಾರಿ ಸರಳರೇಖೆಯಾಗಿ ಕಾಣಬೇಕೆಂದು ಆತ ಉತ್ತರಕ್ಕೆ ಹೋದಷ್ಟೂ ನೆಲವನ್ನು ಹಿಗ್ಗಿಸಿದ. 71ನೆಯ ಅಕ್ಷಾಂಶದಲ್ಲಿ ಹಿಗ್ಗು ಮೂರು ಪಟ್ಟು, ಧ್ರುವದಲ್ಲಿ ಅನಂತ. ಆದ್ದರಿಂದ ಧ್ರುವವನ್ನು ಆ ನಕ್ಷೆಯಲ್ಲಿ ಬರೆಯಲಾಗುವುದೇ ಇಲ್ಲ. ಹಡಗಿನವರಿಗಾಗಿ ಮಾಡಿದ್ದನ್ನು ತರಗತಿಯ ಗೋಡೆಗೆ ತೂಗುಹಾಕಿದವರದು ತಪ್ಪೇ ಹೊರತು ಮರ್ಕೇಟರನದಲ್ಲ.

ಇವೆರಡು ಊರುಗಳ ನಡುವೆ ನೇರ ವಿಮಾನ ಸೇವೆಯಿಲ್ಲ. ಆದರೆ 1928ರ ಏಪ್ರಿಲ್ 15ರಂದು ಅನ್ವೇಷಕ ವಿಲ್ಕಿನ್ಸ್ ಮತ್ತು ವಿಮಾನಚಾಲಕ ಐಯೆಲ್ಸನ್ ಒಂಟಿ ಎಂಜಿನ್ನಿನ ಲಾಕ್‌ಹೀಡ್ ವೇಗಾ ವಿಮಾನದಲ್ಲಿ ಬ್ಯಾರೋದಿಂದ ಹೊರಟು, ಇಪ್ಪತ್ತು ಗಂಟೆಗೂ ಹೆಚ್ಚು ಕಾಲ ಹಾರಿ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸ್ತೋಮವನ್ನು ಮುಟ್ಟಿದರು. ಹಿಮಬಿರುಗಾಳಿಯಿಂದಾಗಿ ನಿರ್ಜನ ದ್ವೀಪವೊಂದರಲ್ಲಿ ಇಳಿದು ಐದು ದಿನ ಕಾಯಬೇಕಾಯಿತು. ಧ್ರುವದ ಬಳಿ ರೇಖಾಂಶಗಳು ಒತ್ತೊತ್ತಾಗಿ ಕೂಡುವುದರಿಂದ, ನೇರ ಹಾರುವ ವಿಮಾನಕ್ಕೂ ದಿಕ್ಕಿನ ಲೆಕ್ಕ ಮತ್ತೆ ಮತ್ತೆ ಬದಲಾಗುತ್ತದೆ.

2021ರ ಜನವರಿಯಲ್ಲಿ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಧ್ರುವದ ಮೇಲಿನಿಂದ ಬಂದಾಗ, ಇಷ್ಟು ಸುತ್ತಿ ಬಂದದ್ದೇಕೆಂದು ನನ್ನನ್ನು ಕೇಳಿದವರಿದ್ದಾರೆ. ಚಕ್ಕೋತಕ್ಕೆ ಇನ್ನೆರಡು ಲವಂಗ ಚುಚ್ಚಿ ತೋರಿಸಿದೆ. ಉತ್ತರಕ್ಕೆ ಮುಖಮಾಡಿ ಹೊರಟ ವಿಮಾನ ಎಲ್ಲಿಯೂ ತಿರುಗದೆ ದಕ್ಷಿಣಾಭಿಮುಖವಾಗಿ ಬಂದಿಳಿಯುವುದು ಹೇಗೆಂದು ಅವರು ಆಮೇಲೆ ಹಣ್ಣನ್ನು ಹಿಡಿದು ತಿರುಗಿಸುತ್ತಲೇ ಇದ್ದರು.