ಹಳೆಯ ಆಟೋಮ್ಯಾಟಿಕ್ ಕಾರಿನ ಮೈಲೇಜ್ ಬಿದ್ದರೆ ಗೇರ್‌ಬಾಕ್ಸ್ ಹೋಯಿತು ಅಂತಲೇ ಅರ್ಥವೇ?

ಪ್ರಶ್ನೆ: ನಮ್ಮದು ವಿಜಯಪುರ ರೀ. 2011ರ ಪೆಟ್ರೋಲ್ ಕಾರು, ನಾಲ್ಕು ಗೇರಿನ ಆಟೋಮ್ಯಾಟಿಕ್. ಮೊದಲು ಲೀಟರಿಗೆ 12 ಕಿ.ಮೀ. ಕೊಡ್ತಿತ್ತು, ಒಂದು ವರ್ಷದಿಂದ 8ಕ್ಕೆ ಬಂದದ. ಓಡೋದು ಚಲೋನೇ ಓಡ್ತದ. ಗ್ಯಾರೇಜಿನವರು ಗೇರ್‌ಬಾಕ್ಸ್ ಬಿಚ್ಚಬೇಕು ಅಂತಾರ. ಬಿಚ್ಚಿಸ್ಲೇನ್ರೀ?

ಉತ್ತರ: ಈಗಲೇ ಬಿಚ್ಚಿಸಬೇಡಿ. ಗೇರ್ ಜಾರುತ್ತಿಲ್ಲ, ಜರ್ಕ್ ಹೊಡೆಯುತ್ತಿಲ್ಲ ಅಂದರೆ ಗೇರ್‌ಬಾಕ್ಸ್ ಒಳಗೆ ಕೈ ಹಾಕುವ ಹೊತ್ತು ಇನ್ನೂ ಬಂದಿಲ್ಲ. ನಾನು ಮೊದಲು ಕೇಳುವುದು ಬೇರೆ: ನಿಮ್ಮ ಇಂಜಿನ್ ಸರಿಯಾಗಿ ಬಿಸಿಯಾಗುತ್ತಿದೆಯಾ?

ವಿಜಯಪುರದ ಬಿಸಿಲಲ್ಲಿ ಇದೆಂಥ ಪ್ರಶ್ನೆ ಅನ್ನಿಸಬಹುದು. ಆ ಬಿಸಿಲಿನ ದೆಸೆಯಿಂದಲೇ ಈ ಪ್ರಶ್ನೆ. ನಮ್ಮ ಕಡೆ ಬೇಸಿಗೆಯಲ್ಲಿ ಕಾರು ಒಮ್ಮೆ ಹೀಟ್ ಆದರೆ ಸಾಕು, ಕೆಲವು ಗ್ಯಾರೇಜುಗಳಲ್ಲಿ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಬಿಸಾಡುತ್ತಾರೆ. "ನಮ್ಮ ಬಿಸಿಲಿಗೆ ಇದು ಬ್ಯಾಡ್ರೀ" ಅನ್ನುವ ಮಾತಿಗೆ ನಾನೂ ಒಮ್ಮೆ ಹೂಂ ಅಂದಿದ್ದೆ. ಹೀಟ್ ಆಗುವುದು ನಿಂತಿತು, ನಿಜ. ಆದರೆ ಆ ಡಿಸೆಂಬರ್‌ನಲ್ಲಿ ನಸುಕಿನಲ್ಲೇ ಸೊಲ್ಲಾಪುರಕ್ಕೆ ಹೊರಟಾಗ ಟೆಂಪರೇಚರ್ ಮುಳ್ಳು ಕಾಲು ಭಾಗಕ್ಕೆ ಬಂದು ಅಲ್ಲೇ ನಿಂತಿತು. ಜಳಕಿ ದಾಟಿದರೂ ಮೇಲೆ ಏರಲಿಲ್ಲ. ಮರಳಿ ಬಂದು ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದಾಗ ಹೊಟ್ಟೆ ಉರಿಯಿತು.

ಥರ್ಮೋಸ್ಟಾಟ್ ಅಂದರೆ ಒಳಗೆ ಮೇಣ ತುಂಬಿದ ಸಣ್ಣ ವಾಲ್ವ್. ಇಂಜಿನ್ ನೀರು ಹೆಚ್ಚುಕಡಿಮೆ 82ರಿಂದ 88 ಡಿಗ್ರಿಗೆ ಬರುವವರೆಗೆ ಅದು ರೇಡಿಯೇಟರ್ ದಾರಿ ಮುಚ್ಚಿರುತ್ತದೆ. ಅದನ್ನು ಕಿತ್ತರೆ, ಇಲ್ಲವೇ ತೆರೆದೇ ಸಿಕ್ಕಿಕೊಂಡರೆ, ಹೈವೇ ಗಾಳಿಗೆ ನೀರು ತಣ್ಣಗೇ ಉಳಿಯುತ್ತದೆ. ಇಂಜಿನ್ ಇನ್ನೂ ಬಿಸಿಯಾಗಿಲ್ಲ ಅಂತ ಕಾರಿನ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಗೇರ್ ನಾವೇ ಹಾಕುವ ಕಾರಾದರೆ ನಷ್ಟ ಅಲ್ಲಿಗೆ ಮುಗಿಯಿತು. ಆಟೋಮ್ಯಾಟಿಕ್‌ಗೆ ಇನ್ನೊಂದು ಪೆಟ್ಟು ಬೀಳುತ್ತದೆ.

ನಿಮ್ಮಂಥ ಕಾರಿನಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಕಡಗೋಲು ತಿರುಗಿಸಿದರೆ ಗಡಿಗೆಯೊಳಗಿನ ಮಜ್ಜಿಗೆಯೂ ತಿರುಗುತ್ತದೆ ಅಲ್ವಾ, ಹಾಗೆ ಇಂಜಿನ್ ಎಣ್ಣೆಯನ್ನು ತಿರುಗಿಸುತ್ತದೆ, ಆ ಎಣ್ಣೆ ಗೇರ್‌ಬಾಕ್ಸನ್ನು ತಿರುಗಿಸುತ್ತದೆ. ಮಜ್ಜಿಗೆ ಯಾವಾಗಲೂ ಕಡಗೋಲಿಗಿಂತ ಸ್ವಲ್ಪ ಹಿಂದೆ. ಆ ಜಾರುವಿಕೆಯೆಲ್ಲ ಬರೀ ಬಿಸಿಯಾಗಿ ಹೋಗುತ್ತದೆ. ಅದನ್ನು ತಪ್ಪಿಸಲಿಕ್ಕೆ ಒಂದೇ ವೇಗದಲ್ಲಿ ಓಡುವಾಗ ಲಾಕಪ್ ಕ್ಲಚ್ ಎರಡನ್ನೂ ಕಚ್ಚಿ ಹಿಡಿಯುತ್ತದೆ. ಇಂಜಿನ್ ಬಿಸಿಯಾಗದಿದ್ದರೆ ಕಂಪ್ಯೂಟರ್ ಈ ಲಾಕಪ್ ಹಾಕುವುದೇ ಇಲ್ಲ. ಎಷ್ಟೋ ಕಾರುಗಳಲ್ಲಿ ಕೊನೆಯ ಗೇರನ್ನೂ ತಡೆಹಿಡಿಯುತ್ತದೆ. ಆಗ ಕಾರು ಚಲೋನೇ ಓಡುತ್ತದೆ, ಪೆಟ್ರೋಲ್ ಮಾತ್ರ ಸುಮ್ನೆ ಸುರಿಯುತ್ತದೆ.

ನೋಡುವುದು ಹೇಗೆ? ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚುವ ಬ್ಲೂಟೂತ್ ಸ್ಕ್ಯಾನರ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ದುಬಾರಿಯೇನಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಬರೀ ಇಗ್ನಿಷನ್ ಆನ್ ಮಾಡಿ ಮೊಬೈಲಿನಲ್ಲಿ ಕೂಲಂಟ್ (ಅಂದರೆ ಇಂಜಿನ್ ನೀರು) ತಾಪಮಾನ ಮತ್ತು ಒಳಬರುವ ಗಾಳಿಯ ತಾಪಮಾನ ನೋಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಎರಡೂ ಹತ್ತಿರ ಹತ್ತಿರ ಇರಬೇಕು. ಗಾಳಿ 24, ಕೂಲಂಟ್ 5 ಅಂತ ಬಂದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಮೈನಸ್ 40 ಅಂತ ಬಂದರೆ ಹೆಚ್ಚಾಗಿ ವೈರ್ ಕಟ್ ಆಗಿರುತ್ತದೆ. ಎರಡೂ ಸರಿ ಇದ್ದರೆ ಸೊಲ್ಲಾಪುರ ರೋಡಿನಲ್ಲಿ ಅರ್ಧ ಗಂಟೆ ಓಡಿಸಿ. ಕೂಲಂಟ್ 80 ದಾಟದೆ 65, 70ರಲ್ಲೇ ಆಡುತ್ತಿದ್ದರೆ ಕಳ್ಳ ಸಿಕ್ಕ. ನಂಬರ್ ಓದುವ ಕೆಲಸ ಪಕ್ಕದಲ್ಲಿ ಕುಳಿತವರಿಗೆ ಕೊಡಿ.

ಅದೇ ಓಟದಲ್ಲಿ ಲಾಕಪ್ಪನ್ನೂ ನೋಡಿಬಿಡಿ. ಹಿಂದೆ ಗಾಡಿ ಇಲ್ಲದ, ಸಮತಟ್ಟಾದ ಜಾಗದಲ್ಲಿ 80ರ ವೇಗ ಹಿಡಿಯಿರಿ. ಎಕ್ಸಿಲರೇಟರ್ ಹಾಗೇ ಇಟ್ಟು, ಎಡಗಾಲಿನಿಂದ ಬ್ರೇಕ್ ಪೆಡಲನ್ನು ಲೈಟ್ ಹತ್ತುವಷ್ಟು ಮಾತ್ರ ಮುಟ್ಟಿ. ಎಡಗಾಲಿಗೆ ಅಭ್ಯಾಸವಿಲ್ಲ ಅಂದರೆ ಮೊದಲು ಖಾಲಿ ಮೈದಾನದಲ್ಲಿ ರೂಢಿ ಮಾಡಿಕೊಳ್ಳಿ. ಮುಟ್ಟಿದ ಕೂಡಲೇ ಆರ್‌ಪಿಎಂ ಮುಳ್ಳು ಇನ್ನೂರು ಮುನ್ನೂರು ಮೇಲೆ ಹಾರಿ, ಬಿಟ್ಟ ಸ್ವಲ್ಪ ಹೊತ್ತಿಗೆ ಇಳಿದರೆ ಲಾಕಪ್ ಕೆಲಸ ಮಾಡುತ್ತಿದೆ. ಮುಳ್ಳು ಅಲುಗದಿದ್ದರೆ ಲಾಕಪ್ ಬಿದ್ದೇ ಇರಲಿಲ್ಲ ಅಂತ ಲೆಕ್ಕ. ಹಾಗಾದಾಗಲೂ ಗಾಬರಿ ಬೇಡ. ಸಂಜೆ ಮನೆ ಗೋಡೆಗೆ ಹಿಂಭಾಗ ಮಾಡಿ ನಿಲ್ಲಿಸಿ, ಪೆಡಲ್ ಮುಟ್ಟದೆ ಬ್ರೇಕ್ ಲೈಟ್ ನೋಡಿ. ಪೆಡಲಿನ ಸ್ವಿಚ್ ಕೆಟ್ಟು ಲೈಟ್ ಹತ್ತಿಯೇ ಇದ್ದರೆ ಕಂಪ್ಯೂಟರ್ ನೀವು ಬ್ರೇಕ್ ಒತ್ತಿದ್ದೀರಿ ಅಂದುಕೊಂಡು ಲಾಕಪ್ ಕೊಡುವುದಿಲ್ಲ. ಒಂದು ಸಣ್ಣ ಸ್ವಿಚ್ಚಿಗಾಗಿ ಗೇರ್‌ಬಾಕ್ಸ್ ಬಿಚ್ಚಿಸಿದವರ ಸಂಕಟ ನೋಡಲಾಗದು.

ಉಳಿದವು ಬೇಗ ಹೇಳುತ್ತೇನೆ. ಮೀಟರಿನಲ್ಲಿ ಕಾಣುವ ಸರಾಸರಿ ನಂಬಬೇಡಿ. ಒಂದೇ ಬಂಕ್, ಆಟೋ ಕಟ್‌ವರೆಗೆ ಫುಲ್ ಟ್ಯಾಂಕ್, ಹೀಗೆ ಮೂರು ಸಲ. ಹತ್ತು ಕಿ.ಮೀ. ಓಡಿ ಬ್ರೇಕ್ ಹೆಚ್ಚು ಒತ್ತದೆ ನಿಂತ ಮೇಲೆ ನಾಲ್ಕೂ ಚಕ್ರದ ಬಳಿ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದೇ ಒಂದು ಕಾವು ಹೊಡೆಯುತ್ತಿದ್ದರೆ ಅದರ ಬ್ರೇಕ್ ಹಿಡಿದುಕೊಂಡಿದೆ. ಈಚೆಗೆ ದೊಡ್ಡ ಟೈರ್ ಹಾಕಿಸಿದ್ದರೆ ಮೀಟರ್ ಕಿಲೋಮೀಟರ್ ಕಡಿಮೆ ತೋರಿಸುತ್ತದೆ, ಮೈಲೇಜ್ ಬಿದ್ದಂತೆ ಕಾಣುತ್ತದೆ. ಲಕ್ಷ ಕಿ.ಮೀ. ದಾಟಿದ ಕಾರಿನಲ್ಲಿ, ಹೊಗೆ ನೋಡಿ ಪೆಟ್ರೋಲ್ ಹೆಚ್ಚೋ ಕಡಿಮೆಯೋ ಅಂತ ಕಂಪ್ಯೂಟರಿಗೆ ಹೇಳುವ ಆಕ್ಸಿಜನ್ ಸೆನ್ಸರ್ ಮಂದವಾಗಿರುವುದೂ ಉಂಟು. ಏರ್ ಫಿಲ್ಟರ್ ಬದಲಿಸಿ, ನಮ್ಮ ಎರೆಮಣ್ಣಿನ ಧೂಳಿಗೆ ಅದು ಬೇಕೇ ಬೇಕು. ಆದರೆ ಇಂಜೆಕ್ಷನ್ ಕಾರಿನಲ್ಲಿ ಅದು ಕಟ್ಟಿದರೆ ಪಿಕಪ್ ಬೀಳುತ್ತದೆಯೇ ಹೊರತು 12 ಇದ್ದದ್ದು 8 ಆಗುವುದಿಲ್ಲ. ಗಾಂಧಿ ಚೌಕದ ಆಸುಪಾಸು ದಿನಕ್ಕೆ ಎರಡು ಮೂರು ಕಿ.ಮೀ. ಮಾತ್ರ ಓಡುವ ಕಾರು, ಅದರ ಮೇಲೆ ಎ.ಸಿ. ಅಂದರೆ, 8 ಬರುವುದು ರೋಗವೇ ಅಲ್ಲ.

ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಕಾರಣವೇ ಅಂತ ಈಗ ಎಲ್ಲರೂ ಕೇಳುತ್ತಾರೆ. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಬೆರಕೆಯಿಲ್ಲದ ಪೆಟ್ರೋಲಿಗೆ ಹೋಲಿಸಿದರೂ ಇಳಿಕೆ ಶೇ 6-7ರ ಸುಮಾರು. 12 ಕಿ.ಮೀ.ನಲ್ಲಿ ಅದು ಒಂದು ಕಿಲೋಮೀಟರ್ ಕೂಡ ಅಲ್ಲ. ನೀವು ಕಳೆದುಕೊಂಡಿದ್ದು ನಾಲ್ಕು. ಮುಧೋಳ, ಜಮಖಂಡಿಯ ಕಬ್ಬಿನ ಮೇಲೆ ಇಷ್ಟೆಲ್ಲ ಹೊರಿಸುವುದು ಸರಿಯಲ್ಲ.

ಥರ್ಮೋಸ್ಟಾಟ್ ಕಿತ್ತಿದ್ದರೆ ನಿಮ್ಮ ಮಾಡೆಲ್‌ನದೇ ಹಾಕಿಸಿ. ಜೊತೆಗೆ ಅಂದು ಹೀಟ್ ಆಗಲು ನಿಜವಾದ ಕಾರಣ ಏನಿತ್ತೋ, ಕಟ್ಟಿದ ರೇಡಿಯೇಟರೋ ನಿಂತ ಫ್ಯಾನೋ, ಅದನ್ನೂ ಸರಿ ಮಾಡಿಸಿ. ಇಲ್ಲದಿದ್ದರೆ ಏಪ್ರಿಲ್‌ನಲ್ಲಿ ಮತ್ತೆ ಕುದಿಯುತ್ತದೆ. ಇಂಜಿನ್ 85-90ರಲ್ಲಿ ನಿಂತು, ಬ್ರೇಕ್ ಸ್ವಿಚ್ ಸರಿ ಇದ್ದೂ ಲಾಕಪ್ ಬೀಳದಿದ್ದರೆ ಗೇರ್ ಆಯಿಲ್ ನೋಡಿಸಿ. ಕಂದಾಗಿ ಸುಟ್ಟ ವಾಸನೆ ಬರುತ್ತಿದೆಯೇ, ಮಟ್ಟ ಇಳಿದಿದೆಯೇ, ಲಾಕಪ್ ಸೊಲೆನಾಯ್ಡ್ (ಲಾಕಪ್ಪಿಗೆ ಎಣ್ಣೆ ಬಿಡುವ ಕರೆಂಟ್ ವಾಲ್ವ್) ಕೆಲಸ ಮಾಡುತ್ತಿದೆಯೇ ಅಂತ ಕೇಳಿ. ಆ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಬಿಚ್ಚುವ ಮಾತು ತೆಗೆಯಲಿ.